ಮರಿ ಮಾಡುವ ಪೆಟ್ಟಿಗೆಯೂ ಅದರ ಶಾಖದ ಹತೋಟಿಯೂ

(ಎಲ್. ಎಜಿ. ಪದವೀಧರರಾದ ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಉಜಿರೆ, ಮುಂಡಾಜೆ, ಕಲ್ಮಂಜ, ಚಾರ್ಮಾಡಿ ಮುಂತಾದ ಗ್ರಾಮಗಳಲ್ಲಿ ಈಚೆಗೆ ಕೆಲವು ವರ್ಷಗಳಿಂದ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ವಿದ್ಯುತ್ ಪೆಟ್ಟಿಗೆಗಳು ಬರತೊಡಗಿರುವುದನ್ನು ವಾಚಕರು ನೋಡಿರಬಹುದು. ಕೆಲವರು ಪೇಟೆಯಿಂದ ಸಿದ್ಧವಾದುದನ್ನು ತರಿಸಿದ್ದಾರೆ. ಕೆಲವರು ಥರ್ಮೊಕೋಲಿನ ಪೆಟ್ಟಿಗೆಗೆ ಎರಡು ಬಲ್ಬುಗಳನ್ನು ಕಟ್ಟಿ ತಾವೇ ಮಾಡಿಕೊಂಡಿದ್ದಾರೆ. ಇವುಗಳೊಳಗಣ ಶಾಖವನ್ನು ಹತೋಟಿಯಲ್ಲಿಡುವುದು ಮೈಕ್ರೋಕಂಟ್ರೋಲರ್ ಎಂಬ, ಒಂದು ಅಂಚೆಯ ಚೀಟಿಗಿಂತ ದೊಡ್ಡದಲ್ಲದ ಗಣಕವು. ಇಂತಹ ಪೆಟ್ಟಿಗೆಯನ್ನು ಕೊಳ್ಳುವುದಕ್ಕೆ ಮೊದಲು, ಇಲ್ಲವೆ ಊರಿನ ಹುಡುಗರಿಂದ ಮಾಡಿಸುವುದಕ್ಕೆ ಮೊದಲು, ಜಮೀನುದಾರರೂ ಊರಿನ ಮುಖಂಡರೂ ಅವಶ್ಯವಾಗಿ ತಿಳಿಯತಕ್ಕ ಒಂದು ಸಂಗತಿಯುಂಟು. ಮಾರುವವರು ಅದನ್ನು ಹೇಳುವುದಿಲ್ಲ. ಕೊಳ್ಳುವವರು ಕೇಳುವುದೂ ಇಲ್ಲ. ಪೆಟ್ಟಿಗೆಯು ಸರಿಯಾಗಿರುವಾಗ ಎಷ್ಟು ಚೆನ್ನಾಗಿ ನಡೆಯುತ್ತದೆಂಬುದನ್ನು ಎಲ್ಲರೂ ವಿಚಾರಿಸುತ್ತಾರೆ. ಅದು ಕೆಟ್ಟಾಗ ಯಾವ ಕಡೆಗೆ ಕೆಡುತ್ತದೆ, ಬಿಸಿಯ ಕಡೆಗೋ ತಂಪಿನ ಕಡೆಗೋ, ಎಂದು ವಿಚಾರಿಸಿದವರನ್ನು ನಾನು ಈ ತನಕ ಕಂಡಿಲ್ಲ.

ಕೋಳಿಯ ವಿಷಯವು ಪಶುಸಂಗೋಪನೆಯವರಿಗೆ ಸೇರಿದ್ದಲ್ಲವೇ, ವ್ಯವಸಾಯದ ಇನ್‌ಸ್ಪೆಕ್ಟರನಿಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕೋಳಿಯ ರೋಗ, ಲಸಿಕೆ, ಆಹಾರ ಇವುಗಳ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ಆದರೆ ಅಡಕೆ ತೋಟದ ಮಧ್ಯದಲ್ಲಿರುವ ಮನೆಗೆ ಹೋದಾಗ ಮನೆಯವರು ತೋಟವನ್ನು ಮಾತ್ರ ತೋರಿಸಿ ಕಳುಹಿಸುವುದಿಲ್ಲ. ಪೆಟ್ಟಿಗೆಯನ್ನೂ ತೋರಿಸುತ್ತಾರೆ, ಅದರ ಮೇಲೆ ಅಭಿಪ್ರಾಯವನ್ನೂ ಕೇಳುತ್ತಾರೆ. ನಾನು ಕೊಟ್ಟ ಒಂದು ಅಭಿಪ್ರಾಯದಿಂದ ಒಂದು ಮನೆಗೆ ನಷ್ಟವಾಯಿತು. ಆದಕಾರಣ ಈ ಲೇಖನವನ್ನು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಡೆದುದು ಹೀಗೆ. ಉಜಿರೆಗೆ ಸಮೀಪದ ಒಂದು ಮನೆಯ ಯಜಮಾನಿತಿಯು ಪೆಟ್ಟಿಗೆಯೊಂದನ್ನು ತರಿಸಬಹುದೇ ಎಂದು ನನ್ನನ್ನು ವಿಚಾರಿಸಿದರು. ನಾನು ಅದನ್ನು ಒಂದು ದಿನ ನಡೆಸಿ ನೋಡಿದೆನು. ಅಂಕಿಗಳು ೩೭.೫ರ ಮೇಲೆ ಕದಲದೆ ನಿಂತಿದ್ದುವು. ಧಾರಾಳವಾಗಿ ತರಿಸಬಹುದೆಂದೆನು. ಅವರು ೬೦ ಊರಕೋಳಿ ಮೊಟ್ಟೆಗಳನ್ನು ಇಟ್ಟರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆರೆಮನೆಗಳಿಂದ, ಹುಟ್ಟಿದ ಮರಿಗಳಲ್ಲಿ ಅರ್ಧ ಪಾಲು ಕೊಡುವ ಮಾತಿನ ಮೇಲೆ ತಂದವು. ಹದಿನೇಳನೆಯ ರಾತ್ರಿ ಇಲಿಯೊಂದು ಪೆಟ್ಟಿಗೆಯ ಹಿಂಬದಿಯಲ್ಲಿ ನುಗ್ಗಿ, ಶಾಖವನ್ನು ಅಳೆಯುವ ತಂತಿಯನ್ನು ಕಡಿದುಹಾಕಿತು. ಯಂತ್ರಕ್ಕೆ ಇಲಿಯ ಸಂಗತಿಯು ಹೇಗೆ ತಿಳಿಯಬೇಕು? ಒಳಗೆ ಹಿಮಕ್ಕಿಂತ ಹೆಚ್ಚು ಚಳಿಯಿದೆಯೆಂದು ತಿಳಿದು, ಬೆಳಗಿನವರೆಗೂ ನಿಷ್ಠೆಯಿಂದ ಶಾಖವನ್ನು ಕೊಡುತ್ತಲೇ ಇತ್ತು. ನಾನು ಹೋಗಿ ನೋಡುವಾಗ ಒಳಗಿನ ಉಷ್ಣಮಾಪಕವು ೪೬ ಡಿಗ್ರಿಯನ್ನು ತೋರಿಸುತ್ತಿತ್ತು. ಮೊಟ್ಟೆಗಳನ್ನು ಒಂದೊಂದಾಗಿ ದೀಪದ ಮುಂದೆ ಹಿಡಿದೆವು. ಒಂದರಲ್ಲಿಯೂ ಅಲುಗಾಟವಿರಲಿಲ್ಲ.

“ಇನ್‌ಸ್ಪೆಕ್ಟ್ರೇ, ಹೇಂಟೆಯ ಅಡಿಯಲ್ಲಿ ಇಟ್ಟಿದ್ದರೆ ಹತ್ತು ಮೊಟ್ಟೆ ಹಾಳಾದರೂ ಐವತ್ತು ಉಳಿಯುತ್ತಿತ್ತು. ಇನ್ನು ನೆರೆಯವರಿಗೆ ನಾನು ಏನೆಂದು ಹೇಳಲಿ?” ಎಂದರು ಅವರು. ನನ್ನಲ್ಲಿ ಉತ್ತರವಿರಲಿಲ್ಲ. ತಯಾರಿಸಿದವರನ್ನು ಕೇಳಿದ್ದಕ್ಕೆ, ಇಲಿಯು ಕಡಿದುದಕ್ಕೆ ತಾವು ಜವಾಬ್ದಾರರಲ್ಲವೆಂಬ ಉತ್ತರವು ಬಂದಿತು. ಇಲಿಗೆ ಅವರು ಜವಾಬ್ದಾರರಲ್ಲವೆಂಬುದು ದಿಟವೇ. ಆದರೆ ತಂತಿಯು ತುಂಡಾದರೆ ಚಳಿಯಾಯಿತೆಂದು ತಿಳಿಯುವ ಯಂತ್ರವನ್ನು ರಚಿಸಿದವರು ಯಾರು? ಅದು ಇಲಿಯ ಕೆಲಸವಲ್ಲ.

ಮೊಟ್ಟೆಯ ಒಳಗಿನ ಜೀವಕ್ಕೆ ಬಿಸಿಯೂ ತಂಪೂ ಸಮಾನವಾದ ಶತ್ರುಗಳಲ್ಲ. ಗಾಳಿಯನ್ನು ಫ್ಯಾನಿನಿಂದ ತಿರುಗಿಸುವ ಪೆಟ್ಟಿಗೆಯಲ್ಲಿ ಇರಬೇಕಾದ ಉಷ್ಣತೆಯು ೩೭.೫ ಡಿಗ್ರಿ ಸೆಂಟಿಗ್ರೇಡ್. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಯ ಮೇಲ್ಮೈಯ ಮಟ್ಟದಲ್ಲಿ ಅಳೆದರೆ ೩೮.೩ರಿಂದ ೩೮.೯. ಈ ಶಾಖವು ಕೆಲವು ಗಂಟೆಗಳ ಕಾಲ ೩೫ ಡಿಗ್ರಿಗೆ ಇಳಿದರೆ ಬೆಳವಣಿಗೆಯು ಸ್ವಲ್ಪ ನಿಧಾನವಾಗುವುದು. ಮರಿಗಳು ೨೧ನೆಯ ದಿನಕ್ಕೆ ಬದಲು ೨೨ನೆಯ ದಿನ ಹೊರಬರಬಹುದು. ಆದರೆ ೪೦.೫ ಡಿಗ್ರಿಯು ಕಾಲು ಗಂಟೆ ನಿಂತರೂ ಭ್ರೂಣಕ್ಕೆ ಗಂಭೀರವಾದ ಹಾನಿಯಾಗುತ್ತದೆ. ಕಾವಿಗೆ ಕೂತ ಹೇಂಟೆಯು ದಿನಕ್ಕೊಮ್ಮೆ ಎದ್ದುಹೋಗಿ ಕಾಳು ತಿಂದು, ಮಣ್ಣಿನಲ್ಲಿ ಹೊರಳಾಡಿ ಬರುವುದನ್ನು ನಾವು ಎಲ್ಲರೂ ನೋಡಿದ್ದೇವೆ. ಆ ಹೊತ್ತು ಮೊಟ್ಟೆಗಳು ತಣ್ಣಗಾಗುತ್ತವೆ, ಏನೂ ಆಗುವುದಿಲ್ಲ. ಆದರೆ ಹೇಂಟೆಗೆ ಎಷ್ಟೇ ಜ್ವರ ಬಂದರೂ ಅದು ಮೊಟ್ಟೆಯನ್ನು ಬೇಯಿಸಲಾರದು. ಪೆಟ್ಟಿಗೆಗೂ ಕೋಳಿಗೂ ಇರುವ ಮುಖ್ಯ ಭೇದವು ಇಲ್ಲಿದೆ. ಆದುದರಿಂದ ಪೆಟ್ಟಿಗೆಯ ವಿದ್ಯುನ್ಮಂಡಲವನ್ನು ರಚಿಸುವವನು ಕೆಟ್ಟರೆ ತಂಪಿನ ಕಡೆಗೇ ಕೆಡುವಂತೆ ರಚಿಸತಕ್ಕದ್ದು ಎಂಬುದು ನನ್ನ ಖಂಡಿತವಾದ ಅಭಿಪ್ರಾಯ.

ಮೊಟ್ಟೆಯ ಪೆಟ್ಟಿಗೆಗೂ ಶಾಖದ ಹತೋಟಿಯ ವಿದ್ಯೆಗೂ ಹಳೆಯ ನೆಂಟಸ್ತಿಕೆಯುಂಟು. ಈಜಿಪ್ಟಿನವರು ಬಹು ಪೂರ್ವಕಾಲದಿಂದಲೂ ಮಣ್ಣಿನ ಒಲೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಮರಿ ಮಾಡಿಸುತ್ತಿದ್ದರು. ಅಲ್ಲಿಯ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಮುಟ್ಟಿಸಿ ಶಾಖವನ್ನು ನಿರ್ಣಯಿಸುತ್ತಿದ್ದರು. ಹದಿನೇಳನೆಯ ಶತಮಾನದ ಆದಿಯಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಶಿಲ್ಪಿಯು ಕಾವಿನ ಪೆಟ್ಟಿಗೆಯೊಂದಕ್ಕೆ ಪಾದರಸದ ಹತೋಟಿಯನ್ನು ಕೂಡಿಸಿದನು. ಶಾಖವೇರಿದರೆ ಮದ್ಯಸಾರವು ಹಿಗ್ಗಿ, ಪಾದರಸವನ್ನು ನೂಕಿ, ಒಲೆಯ ಗಾಳಿಕಂಡಿಯನ್ನು ತಾನಾಗಿಯೇ ಮುಚ್ಚುತ್ತಿತ್ತು. ತನ್ನನ್ನು ತಾನೇ ತಿದ್ದಿಕೊಳ್ಳುವ ಯಂತ್ರಗಳ ಪೈಕಿ ಬಹು ಹಳೆಯದಾದ ಒಂದು, ಕೋಳಿಮರಿಗಾಗಿ ಹುಟ್ಟಿತೆಂಬುದು ನಮ್ಮ ಕಡೆಯ ಕೋಳಿಪ್ರಿಯರಿಗೆ ಹೆಮ್ಮೆಯ ಸಂಗತಿಯಲ್ಲವೇ! ಡ್ರೆಬೆಲನ ಯಂತ್ರದಲ್ಲಿ ಬೆಂಕಿಯು ಆರಿದರೆ ಮೊಟ್ಟೆಯು ತಣ್ಣಗಾಗುತ್ತಿತ್ತು. ಈಗಿನದು ಅದಕ್ಕಿಂತ ಸಾವಿರ ಪಾಲು ಸೂಕ್ಷ್ಮವಾದುದು, ಆದರೆ ಅದರಲ್ಲಿ ಬೆಂಕಿಯು ತಾನಾಗಿ ಆರುವುದಿಲ್ಲ.

ಈಗ ಪೆಟ್ಟಿಗೆಯ ಒಳಗನ್ನು ನೋಡೋಣ. ಇದರಲ್ಲಿ ಶಾಖದ ತಂತಿ, ಶಾಖವನ್ನು ಅಳೆಯುವ ಸೆನ್ಸರ್, ನಿರ್ಣಯಿಸುವ ಮೈಕ್ರೋಕಂಟ್ರೋಲರ್, ಅದರ ಆಜ್ಞೆಯಂತೆ ತಂತಿಗೆ ವಿದ್ಯುತ್ತನ್ನು ಬಿಡುವ ಅಥವಾ ತಡೆಯುವ ಸ್ವಿಚ್ಚು ಎಂಬ ಅಂಗಗಳಿರುತ್ತವೆ. ಶಾಖದ ತಂತಿಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ದೊಡ್ಡದು ಒಳ್ಳೆಯದೆಂದು ತಿಳಿಯುವುದು. ಒಂದು ಮೊಳಕ್ಕಿಂತ ಹೆಚ್ಚಿಲ್ಲದ ಉದ್ದಗಲವುಳ್ಳ, ಒಂದು ಅಂಗುಲ ದಪ್ಪದ ಥರ್ಮೊಕೋಲಿನ ಪೆಟ್ಟಿಗೆಗೆ, ಡಿಸೆಂಬರಿನ ರಾತ್ರಿ ಹೊರಗೆ ೨೦ ಡಿಗ್ರಿಯಿದ್ದರೂ ೪೦ ವಾಟಿನ ತಂತಿಯು ಸಾಕಾಗುತ್ತದೆ. ಸರಾಸರಿ ೨೦ ವಾಟೆಂದು ಲೆಕ್ಕ ಹಿಡಿದರೆ, ೨೧ ದಿನಗಳ ಒಂದು ಕಾವಿಗೆ ಆಗುವ ಖರ್ಚು ಸುಮಾರು ೧೦ ಯೂನಿಟ್ಟು. ಆದರೆ ಅದೇ ಪೆಟ್ಟಿಗೆಯಲ್ಲಿ ೧೦೦ ವಾಟಿನ ಎರಡು ಬಲ್ಬುಗಳನ್ನು ಇಟ್ಟವರನ್ನು ನಾನು ನೋಡಿದ್ದೇನೆ. ೪೦ ವಾಟಿನ ತಂತಿಯು ರಾತ್ರಿಯೆಲ್ಲಾ ನಿಲ್ಲದೆ ಉರಿದರೆ ಪೆಟ್ಟಿಗೆಯು ೫೦ ಡಿಗ್ರಿಯ ಆಸುಪಾಸಿಗೆ ಹೋಗಿ ನಿಲ್ಲುವುದು. ಮೊಟ್ಟೆಯು ಹೋಗುತ್ತದೆ, ಮನೆಯು ಉಳಿಯುತ್ತದೆ. ೨೦೦ ವಾಟು ನಿಲ್ಲದೆ ಉರಿದರೆ ಥರ್ಮೊಕೋಲು ಕರಗಿ ಬೆಂಕಿ ಹಿಡಿಯುವ ಭಯವಿದೆ. ಪಕ್ಕದಲ್ಲಿ ಸೋಗೆಯೋ ಅಡಕೆಯ ಸಿಪ್ಪೆಯೋ ಇರುವ ನಮ್ಮ ಕೊಟ್ಟಿಗೆಗಳಲ್ಲಿ ಅದರ ಪರಿಣಾಮವನ್ನು ನಾನು ವರ್ಣಿಸಬೇಕಾಗಿಲ್ಲ.

ನಿಕ್ರೋಮ್ ತಂತಿಯನ್ನು ೧೨ ವೋಲ್ಟಿನಲ್ಲಿ ನಡೆಸುವುದು ಉತ್ತಮ. ೪೦ ವಾಟಿಗೆ ೩.೬ ಓಮಿನ ತಂತಿಯು ಬೇಕಾಗುವುದು. ಅದರಲ್ಲಿ ಸುಮಾರು ೩.೩ ಆಂಪಿಯರ್ ಹರಿಯುವುದು. ಇದನ್ನು ಒಂದೇ ತುಂಡಾಗಿ ಇಡದೆ, ೭.೨ ಓಮಿನ ಎರಡು ತುಂಡುಗಳನ್ನು ಸಮಾಂತರವಾಗಿ ಕೂಡಿಸಿದರೆ, ಒಂದು ಕಡಿದುಹೋದರೂ ಇನ್ನೊಂದು ಅರ್ಧ ಶಾಖವನ್ನು ಕೊಡುತ್ತಿರುವುದು. ೧೨ ವೋಲ್ಟಾದುದರಿಂದ ಮನೆಯ ಮಕ್ಕಳು ಮುಟ್ಟಿದರೂ ಪ್ರಾಣಾಪಾಯವಿಲ್ಲ. ಇದರಿಂದಾಗುವ ಇನ್ನೊಂದು ಅನುಕೂಲವನ್ನು ಮುಂದೆ ಹೇಳುತ್ತೇನೆ.

ಅಳೆಯುವ ಸೆನ್ಸರು ಈ ಕಥೆಯ ಮುಖ್ಯ ಪಾತ್ರವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಅಗ್ಗದ ಪೆಟ್ಟಿಗೆಗಳಲ್ಲಿ ಬಹುಶಃ ಥರ್ಮಿಸ್ಟರ್ ಎಂಬ ಮಣಿಯಿರುತ್ತದೆ. ೨೫ ಡಿಗ್ರಿಯಲ್ಲಿ ೧೦ ಸಾವಿರ ಓಮ್ ಪ್ರತಿರೋಧವುಳ್ಳ ಮಣಿಯು ೩೭.೫ ಡಿಗ್ರಿಯಲ್ಲಿ ಸುಮಾರು ೬ ಸಾವಿರ ಓಮಿಗೆ ಇಳಿಯುತ್ತದೆ. ಶಾಖವೇರಿದಂತೆ ಪ್ರತಿರೋಧವು ಇಳಿಯುವುದೇ ಇದರ ಗುಣ. ಮೈಕ್ರೋಕಂಟ್ರೋಲರು ಈ ಬದಲಾವಣೆಯನ್ನು ೧೦೨೪ ಮೆಟ್ಟಿಲುಗಳ ಒಂದು ಏಣಿಯ ಮೇಲೆ ಇಟ್ಟು ಅಳೆಯುವುದು, ೩೭.೫ರ ಸುತ್ತಮುತ್ತ ಒಂದು ಡಿಗ್ರಿಗೆ ಸುಮಾರು ಹತ್ತು ಮೆಟ್ಟಿಲುಗಳು ಸಿಕ್ಕುವುವು, ಅಂದರೆ ಡಿಗ್ರಿಯ ಹತ್ತನೆಯ ಒಂದು ಪಾಲು ಕಾಣುವುದು. ಇದು ಮೊಟ್ಟೆಗೆ ಬೇಕಾದಷ್ಟಾಯಿತು. ಹಾಗಾದರೆ ತಂತಿಯು ತುಂಡಾದರೆ ಏನಾಗುವುದು? ಪ್ರತಿರೋಧವು ಅಪಾರವಾಗುವುದು. ಪ್ರತಿರೋಧವು ಹೆಚ್ಚೆಂದರೆ ಚಳಿಯೆಂದು ಅರ್ಥಮಾಡುವಂತೆ ಯಂತ್ರಕ್ಕೆ ಕಲಿಸಿದೆಯಷ್ಟೆ. ಅಪಾರವಾದ ಪ್ರತಿರೋಧವೆಂದರೆ ಅಪಾರವಾದ ಚಳಿ! ಇಲಿಯ ರಾತ್ರಿ ನಡೆದುದು ಇದೇ.

ಡಿ.ಎಸ್. ೧೮ಬಿ೨೦ ಎಂಬ ಇನ್ನೊಂದು ಸೆನ್ಸರು ಶಾಖವನ್ನು ನೇರವಾಗಿ ಅಂಕಿಯಲ್ಲಿಯೇ ತಿಳಿಸುತ್ತದೆ. ಅದರ ನಿಖರತೆಯು ಅರ್ಧ ಡಿಗ್ರಿ ಹೆಚ್ಚುಕಡಮೆ. ಆದರೆ ಅದರ ಸಂಪರ್ಕವು ಕಡಿದಾಗ, ಬಹಳ ಜನರು ಉಪಯೋಗಿಸುವ ಒಂದು ಸಿದ್ಧ ಕ್ರಮವಿಧಿಯು ಸೊನ್ನೆಗಿಂತ ಕೆಳಗೆ ೧೨೭ ಡಿಗ್ರಿ ಎಂಬ ಅಂಕಿಯನ್ನು ಕೊಡುವುದು. ಈ ಅಂಕಿಯನ್ನು ವಿವೇಚಿಸದೆ ನಂಬಿದ ಯಂತ್ರವು ಪುನಃ ಅದೇ ಅನಾಹುತವನ್ನು ಮಾಡುವುದು. ವಿದ್ಯುತ್ತು ಹೋಗಿ ಬಂದಾಗ ಈ ಸೆನ್ಸರು ಅಳೆಯುವುದಕ್ಕೆ ಮೊದಲೇ ೮೫ ಡಿಗ್ರಿಯೆಂದು ಹೇಳುವುದೂ ಉಂಟು. ಅದು ನಿಜವಾದ ಶಾಖವಲ್ಲ. ಇದಕ್ಕೆ ಉಪಾಯವು ಸುಲಭವಾದುದು: ಕ್ರಮವಿಧಿಯಲ್ಲಿ ಎರಡು ಸಾಲುಗಳು ಸಾಕು. ಅಂಕಿಯು ೧೦ ಡಿಗ್ರಿಗಿಂತ ಕೆಳಗೆ ಅಥವಾ ೪೫ಕ್ಕಿಂತ ಮೇಲೆ ಬಂದರೆ ಅದನ್ನು ಶಾಖವೆಂದು ತಿಳಿಯದೆ ಸೆನ್ಸರಿನ ರೋಗವೆಂದು ತಿಳಿದು, ತಂತಿಯನ್ನು ಆರಿಸಿ ಗಂಟೆ ಬಾರಿಸಬೇಕು. ಚಾರ್ಮಾಡಿಯ ಕೆಳಗಿನ ಯಾವ ಮನೆಯೊಳಗೂ ೧೦ ಡಿಗ್ರಿಯ ಚಳಿಯು ಬರುವುದಿಲ್ಲವೆಂಬುದು ನಮಗೆ ಗೊತ್ತು. ದೂರದ ಊರಿನಲ್ಲಿ ಕುಳಿತು ಎಲ್ಲಾ ದೇಶಗಳಿಗೂ ಒಂದೇ ಯಂತ್ರವನ್ನು ಮಾಡುವವನಿಗೆ ಅದು ಗೊತ್ತಿಲ್ಲ.

ಇನ್ನು ಸ್ವಿಚ್ಚು. ಪೇಟೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ರಿಲೇ ಎಂಬ, ಟಕ್ ಟಕ್ ಎಂದು ಸದ್ದು ಮಾಡುವ ವಿದ್ಯುದಯಸ್ಕಾಂತದ ಸ್ವಿಚ್ಚಿರುವುದು. ಸಾಮಾನ್ಯ ರಿಲೇಯು ಪೂರ್ಣ ಹೊರೆಯಲ್ಲಿ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಆಯುಸ್ಸುಳ್ಳದ್ದು. ಶಾಖವನ್ನು ನಯವಾಗಿ ಇಡಬೇಕೆಂದು ಹತ್ತು ಸೆಕೆಂಡಿಗೊಮ್ಮೆ ಅದನ್ನು ಬಡಿದರೆ ದಿನಕ್ಕೆ ೮೬೪೦ ಸಲವಾಯಿತು. ಒಂದು ಕಾವು ಮುಗಿಯುವುದರೊಳಗೆ ಒಂದು ಲಕ್ಷ ಎಂಬತ್ತು ಸಾವಿರವನ್ನು ದಾಟಿತು. ಮರಿಗಳು ಹೊರಬರುವ ಮೊದಲೇ ರಿಲೇಯ ಆಯುಸ್ಸು ತೀರಿತೆಂದು ಅರ್ಥ. ಹಳೆಯದಾದ ರಿಲೇಯ ಮೊನೆಗಳು ಕಿಡಿಯ ಶಾಖಕ್ಕೆ ಒಂದಕ್ಕೊಂದು ಬೆಸೆದುಕೊಳ್ಳುವುವು. ಆಗ ಮೈಕ್ರೋಕಂಟ್ರೋಲರು ಸಾಕೆಂದು ಎಷ್ಟು ಕೂಗಿದರೂ ತಂತಿಯು ಉರಿಯುತ್ತಲೇ ಇರುವುದು. ರಿಲೇಯೇ ಬೇಕೆಂಬವರು ೩೭.೩ಕ್ಕೆ ಹೊತ್ತಿಸಿ ೩೭.೭ಕ್ಕೆ ಆರಿಸುವಂತೆ ಎಡೆಯನ್ನು ಬಿಟ್ಟು, ಬಡಿತವನ್ನು ಕಡಮೆ ಮಾಡಿಕೊಳ್ಳಲಿ. ೧೨ ವೋಲ್ಟಿನ ತಂತಿಗೆ ಮಾಸ್‌ಫೆಟ್ ಎಂಬ ಸದ್ದಿಲ್ಲದ ಸ್ವಿಚ್ಚು ಹೆಚ್ಚು ಯೋಗ್ಯವಾದುದು. ಅದಕ್ಕೆ ಬಡಿತದ ಲೆಕ್ಕವಿಲ್ಲ. ಹತ್ತು ಸೆಕೆಂಡಿನಲ್ಲಿ ಆರು ಸೆಕೆಂಡು ಹೊತ್ತಿಸು, ನಾಲ್ಕು ಸೆಕೆಂಡು ಆರಿಸು ಎಂದು ಅಳೆದು ಕೊಡಬಹುದು. ಆದರೆ ಮಾಸ್‌ಫೆಟ್ಟು ಸುಟ್ಟುಹೋದಾಗಲೂ ಬಹುಮಟ್ಟಿಗೆ ಮುಚ್ಚಿದ ಸ್ವಿಚ್ಚಿನಂತೆಯೇ ಉಳಿಯುವುದು, ಅಂದರೆ ತಂತಿಯು ಉರಿಯುತ್ತಲೇ ಇರುವುದು. ಇಲ್ಲಿಯೂ ಬಿಸಿಯ ಕಡೆಗೇ ಕೆಡುವುದೆಂಬುದನ್ನು ಗಮನಿಸತಕ್ಕದ್ದು.

ಮೈಕ್ರೋಕಂಟ್ರೋಲರು ತಾನೇ ದಿಗ್ಭ್ರಮೆಗೊಂಡು ನಿಂತುಬಿಡುವುದೂ ಉಂಟು. ಸಿಡಿಲು ಸಮೀಪದಲ್ಲಿ ಹೊಡೆದರೆ, ಪಂಪಿನ ಮೋಟಾರು ಹೊತ್ತಿದಾಗ ವಿದ್ಯುತ್ತು ಒಮ್ಮೆ ಕುಗ್ಗಿದರೆ, ಅದು ತಾನು ಮಾಡುತ್ತಿದ್ದ ಕೆಲಸವನ್ನು ಮರೆತು ಸ್ತಬ್ಧವಾಗುವುದು. ಆ ಕ್ಷಣದಲ್ಲಿ ತಂತಿಯು ಉರಿಯುತ್ತಿದ್ದರೆ ಉರಿಯುತ್ತಲೇ ಉಳಿಯುವುದು. ಇದಕ್ಕಾಗಿ ಒಳ್ಳೆಯ ಮೈಕ್ರೋಕಂಟ್ರೋಲರುಗಳೊಳಗೆ ಕಾವಲಿನ ಗಡಿಯಾರವೊಂದನ್ನು ಇಟ್ಟಿರುತ್ತಾರೆ. ಹುಡುಗರು ಸಾಮಾನ್ಯವಾಗಿ ಉಪಯೋಗಿಸುವ ಎಟಿಮೆಗಾ ೩೨೮ ಎಂಬುದರಲ್ಲಿ ಅದನ್ನು ೮ ಸೆಕೆಂಡಿನವರೆಗೆ ಇಡಬಹುದು. ಅಷ್ಟರೊಳಗೆ ಯಂತ್ರವು ‘ನಾನು ಎಚ್ಚರವಾಗಿದ್ದೇನೆ’ ಎಂದು ತಿಳಿಸದಿದ್ದರೆ ಗಡಿಯಾರವು ಅದನ್ನು ಹೊಡೆದೆಬ್ಬಿಸಿ ಮೊದಲಿನಿಂದ ಪ್ರಾರಂಭಿಸುವಂತೆ ಮಾಡುವುದು. ಆಶ್ಚರ್ಯವೇನೆಂದರೆ, ಈ ಕಾವಲುಗಾರನು ಪ್ರತಿಯೊಂದರಲ್ಲಿಯೂ ಪುಕ್ಕಟೆಯಾಗಿ ಇದ್ದರೂ ಅವನನ್ನು ಕೆಲಸಕ್ಕೆ ಕರೆಯುವವರು ವಿರಳ. ಅಲ್ಲದೆ ಎಚ್ಚರಗೊಳ್ಳುವ ಆ ಕ್ಷಣದಲ್ಲಿ ಮಾಸ್‌ಫೆಟ್ಟಿಗೆ ಯಾರ ಆಜ್ಞೆಯೂ ಇರುವುದಿಲ್ಲ. ಅದರ ಗೇಟಿನಿಂದ ನೆಲಕ್ಕೆ ೧೦ ಸಾವಿರ ಓಮಿನ ಒಂದು ಸಣ್ಣ ಪ್ರತಿರೋಧಕವನ್ನು ಕಟ್ಟಿದರೆ, ಆಜ್ಞೆಯಿಲ್ಲದಾಗ ಅದು ಆರಿಯೇ ಇರುವುದು. ಕೆಲವು ಪೈಸೆಗಳ ವಸ್ತು. ಇದನ್ನು ಬಿಟ್ಟವನನ್ನು ಜಾಣನೆಂದು ನಾನು ಹೇಳಲಾರೆ.

ಇಷ್ಟೆಲ್ಲಾ ಮಾಡಿದರೂ ಒಂದೇ ಬುದ್ಧಿಯ ಮೇಲೆ ಭರವಸೆಯಿಡುವುದು ಸಲ್ಲದು. ಮೈಕ್ರೋಕಂಟ್ರೋಲರಿಗೆ ಸಂಬಂಧವೇ ಇಲ್ಲದ ಎರಡನೆಯ ತಡೆಯೊಂದು ತಂತಿಯ ದಾರಿಯಲ್ಲಿಯೇ ಇರಬೇಕು. ಇದರಲ್ಲಿಯೂ ಒಂದು ಮೋಸವುಂಟು. ಎರಡು ಲೋಹಗಳ ಬಿಲ್ಲೆಯುಳ್ಳ ಅಗ್ಗದ ಕಟ್‌ಔಟನ್ನು ಹಾಕಿ, ಇನ್ನು ಭಯವಿಲ್ಲವೆಂದು ಹೇಳುವವರಿದ್ದಾರೆ. ಅಂತಹ ಬಿಲ್ಲೆಯು ತನ್ನ ಮೇಲೆ ಬರೆದ ಅಂಕಿಗಿಂತ ಐದು ಡಿಗ್ರಿ ಆಚೆಗೀಚೆಗೆ ತೆರೆಯಬಹುದು. ಅದು ಮನೆಯನ್ನು ಕಾಪಾಡೀತೇ ಹೊರತು ಮೊಟ್ಟೆಯನ್ನು ಕಾಪಾಡಲಾರದು. ಮೊಟ್ಟೆಗಾಗಿ, ತನ್ನದೇ ಸೆನ್ಸರೂ ತನ್ನದೇ ಸ್ವಿಚ್ಚೂ ಉಳ್ಳ ಮತ್ತೊಂದು ಥರ್ಮೊಸ್ಟಾಟನ್ನು ೩೮.೫ಕ್ಕೆ ಇಡತಕ್ಕದ್ದು. ಹಳೆಯ ಕಾಲದ ಪೆಟ್ಟಿಗೆಗಳಲ್ಲಿದ್ದ, ಈಥರ್ ತುಂಬಿದ ತೆಳುತಗಡಿನ ಬಿಲ್ಲೆಯು ಸಿಕ್ಕಿದರೆ ಅದೂ ಆಗಬಹುದು. ಬಿಸಿಯಾದರೆ ಉಬ್ಬಿ ಸ್ವಿಚ್ಚನ್ನು ಒತ್ತುವುದಷ್ಟೇ ಅದರ ಕೆಲಸ. ಅದಕ್ಕೆ ಕ್ರಮವಿಧಿಯೂ ಇಲ್ಲ, ಮರೆವೂ ಇಲ್ಲ. ಮನೆಗಾಗಿ, ೭೦ರಿಂದ ೮೦ ಡಿಗ್ರಿಯೊಳಗೆ ಕರಗುವ ಉಷ್ಣದ ಫ್ಯೂಸನ್ನು ತಂತಿಯ ಪಕ್ಕದಲ್ಲಿಯೇ ಕೂಡಿಸಬೇಕು. ಅದು ಒಮ್ಮೆ ಕರಗಿದರೆ ಪುನಃ ಕೂಡುವುದಿಲ್ಲ, ಕೂಡಲೂ ಬಾರದು.

ವಿದ್ಯುತ್ತಿನ ವಿಷಯ. ನಮ್ಮಲ್ಲಿ ಸಿಡಿಲಿನ ಕಾಲವು ಏಪ್ರಿಲ್ ಮೇ ತಿಂಗಳುಗಳು, ಅನಂತರ ಅಕ್ಟೋಬರ್ ನವೆಂಬರ್. ಮಳೆಗಾಲದಲ್ಲಿ ಮರಗಳು ತಂತಿಯ ಮೇಲೆ ಬಿದ್ದು ಸರಬರಾಯಿಯು ನಿಲ್ಲುವುದು ಯಾರಿಗೂ ಹೊಸತಲ್ಲ; ೨೦೧೯ರ ಆಗಸ್ಟಿನ ಪ್ರವಾಹದಲ್ಲಿ ಚಾರ್ಮಾಡಿಯ ಘಾಟಿಯೇ ಕುಸಿದುದನ್ನು ನೆನೆದರೆ ಸಾಕು. ದೂರದ ತೋಟದ ಮನೆಗಳಲ್ಲಿ ಸಂಜೆಯ ಹೊತ್ತು ೨೩೦ ವೋಲ್ಟು ೧೮೦ಕ್ಕೆ ಇಳಿಯುವುದುಂಟು. ಆಗ ಮನೆಯ ವಿದ್ಯುತ್ತಿಗೆ ನೇರವಾಗಿ ಕಟ್ಟಿದ ೪೦ ವಾಟಿನ ತಂತಿಯು ಸುಮಾರು ೨೫ ವಾಟಿನಷ್ಟು ಶಾಖವನ್ನೇ ಕೊಡುವುದು, ಏಕೆಂದರೆ ಶಾಖವು ವೋಲ್ಟಿನ ವರ್ಗಕ್ಕೆ ಅನುಸಾರವಾದುದು. ೧೨ ವೋಲ್ಟಿನ ತಂತಿಯಿಂದಾಗುವ ಅನುಕೂಲವನ್ನು ಹೇಳುತ್ತೇನೆಂದೆನಲ್ಲ, ಅದು ಇಲ್ಲಿದೆ: ನಡುವೆ ಬ್ಯಾಟರಿಯೊಂದನ್ನು ಇಡಬಹುದು. ತಂತಿಗೆ ೨೦, ಫ್ಯಾನಿಗೂ ಗಣಕಕ್ಕೂ ೩, ಹೀಗೆ ೨೩ ವಾಟಿನಂತೆ ಆರು ಗಂಟೆಗೆ ಸುಮಾರು ಹನ್ನೊಂದೂವರೆ ಆಂಪಿಯರ್-ಗಂಟೆಯು ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದುದರಿಂದ ೨೬ ಆಂಪಿಯರ್-ಗಂಟೆಯದನ್ನು ಇಟ್ಟರೆ ನಿಶ್ಚಿಂತೆ. ಅದಕ್ಕಿಂತಲೂ ದೀರ್ಘಕಾಲ ವಿದ್ಯುತ್ತು ಬಾರದಿದ್ದರೆ ಪೆಟ್ಟಿಗೆಯ ಬಾಗಿಲನ್ನು ತೆರೆಯದೆ, ಮೇಲೆ ಎರಡು ಗೋಣಿಚೀಲ ಹೊದಿಸಿಡಿರಿ. ಮೊದಲೇ ಹೇಳಿದಂತೆ, ತಂಪು ಕ್ಷಮಿಸುತ್ತದೆ.

ತೇವದ ಬಗ್ಗೆ ಒಂದೇ ಮಾತು. ಆಟಿಯ ಮಳೆಯಲ್ಲಿ ಎಲ್ಲವೂ ಒದ್ದೆಯಾಗಿರುವಾಗ ಪೆಟ್ಟಿಗೆಯೊಳಗೆ ನೀರು ಏಕೆಂದು ಕೇಳುತ್ತಾರೆ. ೨೭ ಡಿಗ್ರಿಯಲ್ಲಿ ನೂರಕ್ಕೆ ೯೦ ತೇವವುಳ್ಳ ಗಾಳಿಯನ್ನು ೩೭.೫ಕ್ಕೆ ಬಿಸಿಮಾಡಿದರೆ ಅದರ ತೇವವು ನೂರಕ್ಕೆ ಸುಮಾರು ೫೦ಕ್ಕೆ ಇಳಿಯುವುದು. ಮೊದಲ ೧೮ ದಿನಗಳಲ್ಲಿ ೫೫ರಿಂದ ೬೦, ಕೊನೆಯ ಮೂರು ದಿನಗಳಲ್ಲಿ ೬೫ಕ್ಕಿಂತ ಮೇಲೆ ಬೇಕಾದುದರಿಂದ, ಮಳೆಗಾಲದಲ್ಲಿಯೂ ಒಂದು ಸಣ್ಣ ತಟ್ಟೆಯ ನೀರು ಬೇಕು. ಜನವರಿಯಲ್ಲಿ ದೊಡ್ಡದೇ ಬೇಕು.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಪೇಟೆಯಿಂದ ಬರುವ ಪೆಟ್ಟಿಗೆಗಳಲ್ಲಿ ಒಳಗಿನ ಮಂಡಲವನ್ನು ಕೆಲವೊಮ್ಮೆ ಕರಿಯ ಅಂಟಿನಿಂದ ಮುಚ್ಚಿರುತ್ತಾರೆ. ಕೆಟ್ಟರೆ ಇಲ್ಲಿ ಯಾರೂ ಸರಿಪಡಿಸಲಾರರು. ಕ್ರಮವಿಧಿಯಲ್ಲಿ ತಪ್ಪಿದ್ದರೆ ತಿದ್ದಲಾರರು. ಪಂಪಿನ ಮೋಟಾರು ಸುಟ್ಟರೆ ಉಜಿರೆಯಲ್ಲಿಯೇ ತಂತಿ ಸುತ್ತಿಸಿಕೊಳ್ಳುವ ನಾವು, ಇಷ್ಟು ಸಣ್ಣ ಯಂತ್ರಕ್ಕಾಗಿ ಪರಸ್ಥಳದವರ ಮುಖವನ್ನು ನೋಡಬೇಕಾದುದು ನ್ಯಾಯವೇ? ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ. ಗ್ರಾಮದ ತರುಣರಿಗೆ ಸ್ವಉದ್ಯೋಗವನ್ನು ಕಲಿಸುವುದಕ್ಕಾಗಿ ೧೯೮೨ರಲ್ಲಿ ಸ್ಥಾಪಿತವಾದ ರುಡ್‌ಸೆಟ್ ಸಂಸ್ಥೆಯು ಹುಟ್ಟಿದುದೂ ಇದೇ ಉಜಿರೆಯಲ್ಲಿ. ೨೦೦೫ರಲ್ಲಿ ಇಟಲಿಯ ಒಂದು ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ಪ್ರಾರಂಭವಾದ ಆರ್ಡುಯಿನೋ ಎಂಬ ಹಲಗೆಯಿಂದಾಗಿ, ಮೈಕ್ರೋಕಂಟ್ರೋಲರಿಗೆ ಕ್ರಮವಿಧಿಯನ್ನು ಬರೆಯುವುದು ಹೈಸ್ಕೂಲಿನ ಹುಡುಗರಿಗೂ ಸಾಧ್ಯವಾದ ಕೆಲಸವಾಗಿದೆ. ಅದರ ನಕ್ಷೆಯೂ ಕ್ರಮವಿಧಿಯೂ ಎಲ್ಲರಿಗೂ ತೆರೆದಿಟ್ಟವು. ಹೀಗಿರುವಾಗ ಜಮೀನುದಾರರು ತಮ್ಮ ಮೊದಲನೆಯ ಪೆಟ್ಟಿಗೆಯನ್ನು ಊರಿನ ತರುಣರಿಂದಲೇ ಮಾಡಿಸಬೇಕೆಂದು ನಾನು ಹೇಳುತ್ತೇನೆ. ಊರಿನವನು ಮಾಡಿದುದು ಪೇಟೆಯದಕ್ಕಿಂತ ತಾನಾಗಿಯೇ ಉತ್ತಮವಾಗಿರುತ್ತದೆಂದು ಇದರರ್ಥವಲ್ಲ. ನಾನು ನೋಡಿದವುಗಳಲ್ಲಿ ಅತ್ಯಂತ ಅಪಾಯಕರವಾದ ಪೆಟ್ಟಿಗೆಯು ಊರಿನಲ್ಲಿಯೇ ಆದದ್ದು. ಬರಿಯ ತಂತಿಯು ಥರ್ಮೊಕೋಲನ್ನು ಮುಟ್ಟುತ್ತಿತ್ತು. ಆದರೆ ಆ ಹುಡುಗನಿಗೆ ಹೇಳಿದೆನು, ಅವನು ಮರುದಿನವೇ ತಿದ್ದಿದನು. ಪೇಟೆಯವರಿಗೂ ಹೇಳಿದೆನು.

ಕೊಳ್ಳುವವರಿಗಾಗಲಿ ಮಾಡಿಸುವವರಿಗಾಗಲಿ, ಪರೀಕ್ಷೆಯೊಂದನ್ನು ಸೂಚಿಸುತ್ತೇನೆ. ಇದಕ್ಕೆ ವಿದ್ಯುಚ್ಛಾಸ್ತ್ರದ ಜ್ಞಾನವು ಬೇಡ, ಒಂದಿಷ್ಟು ಮುಖದಾಕ್ಷಿಣ್ಯವನ್ನು ಬಿಟ್ಟರೆ ಸಾಕು. ಪೆಟ್ಟಿಗೆಯು ನಡೆಯುತ್ತಿರುವಾಗ ಸೆನ್ಸರಿನ ತಂತಿಯನ್ನು ಮಾರುವವನ ಎದುರಿಗೇ ಬಿಡಿಸಿರಿ. ಶಾಖದ ತಂತಿಯು ಆರಬೇಕು, ಗಂಟೆಯು ಬಾರಿಸಬೇಕು. ಅನಂತರ ಸೆನ್ಸರಿನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿರಿ; ಆಗಲೂ ಹಾಗೆಯೇ ಆಗಬೇಕು. ಮೂರನೆಯದಾಗಿ, ಮೈಕ್ರೋಕಂಟ್ರೋಲರನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಹೊತ್ತಿಸಿ ಬಿಡಲು ಹೇಳಿರಿ; ಒಳಗಿನ ಶಾಖವು ೩೯ನ್ನು ದಾಟುವ ಮೊದಲು ಎರಡನೆಯ ಥರ್ಮೊಸ್ಟಾಟು ಅದನ್ನು ತಡೆಯಬೇಕು. ಇದಕ್ಕೆ ಒಪ್ಪದವನಿಂದ ಪೆಟ್ಟಿಗೆಯನ್ನು ಕೊಳ್ಳಬಾರದು, ಅವನು ನಿಮ್ಮ ನೆಂಟನೇ ಆಗಿದ್ದರೂ ಸರಿಯೇ.

ಇಷ್ಟು ಶ್ರಮವೇಕೆ, ಹೇಂಟೆಯೇ ಸಾಕಲ್ಲವೇ ಎಂದರೆ, ಎರಡು ಮೂರು ಹೇಂಟೆಗಳಿರುವ ಮನೆಗೆ ಖಂಡಿತವಾಗಿಯೂ ಹೇಂಟೆಯೇ ಸಾಕು. ಪೆಟ್ಟಿಗೆಯು ಮರಿಗಳನ್ನು ಹೊರಗೆ ತರುವುದೇ ಹೊರತು ಸಾಕುವುದಿಲ್ಲ. ಮೊದಲ ವಾರ ೩೫ ಡಿಗ್ರಿಯ ಬೆಚ್ಚನೆಯ ಗೂಡು, ಅನಂತರ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುವುದು, ಗಿಡುಗ, ಮುಂಗುಸಿ, ಇವೆಲ್ಲವೂ ಯಜಮಾನಿತಿಯ ತಲೆಯ ಮೇಲೆಯೇ ಬೀಳುವುವು. ಆದರೆ ಇಪ್ಪತ್ತು ಮೂವತ್ತು ಹೇಂಟೆಗಳನ್ನು ಸಾಕುವವರಿಗೆ ಲೆಕ್ಕವು ಬೇರೆ. ಕಾವು ಕೂತು ಮರಿಗಳ ಹಿಂದೆ ತಿರುಗುವ ಹೇಂಟೆಯು ಎರಡು ಮೂರು ತಿಂಗಳು ಮೊಟ್ಟೆಯಿಡುವುದಿಲ್ಲ. ಆ ಕಾಲವನ್ನು ಉಳಿಸಿದರೆ ವರ್ಷದ ಮೊಟ್ಟೆಗಳು ಗಮನಾರ್ಹವಾಗಿ ಹೆಚ್ಚುವುವು. ಅಲ್ಲದೆ ಇದೇ ಮಂಡಲವನ್ನು ಅಂಕಿಗಳನ್ನು ಮಾತ್ರ ಬದಲಿಸಿ, ಮಳೆ ಹಿಡಿದ ದಿನಗಳಲ್ಲಿ ಜಾಪತ್ರೆಯನ್ನು ಒಣಗಿಸುವ ಸಣ್ಣ ಗೂಡಿಗೂ ಉಪಯೋಗಿಸಬಹುದು. ಅಲ್ಲಿ ಮಾತ್ರ ತಂತಿಯು ದೊಡ್ಡದಾಗಿರಬೇಕಾದುದರಿಂದ ಬೆಂಕಿಯ ಭಯವೂ ದೊಡ್ಡದು.

ಮೇಲೆ ಹೇಳಿದ ಮನೆಯವರಿಗೆ ಉಜಿರೆಯ ವಿದ್ಯಾರ್ಥಿಗಳಿಬ್ಬರು ಹೊಸ ಮಂಡಲವೊಂದನ್ನು ಮಾಡಿಕೊಟ್ಟಿದ್ದಾರೆ. ಹಳೆಯ ಪೆಟ್ಟಿಗೆಯೇ, ಒಳಗಿನದು ಮಾತ್ರ ಬೇರೆ. ಸೆನ್ಸರಿನ ತಂತಿಯನ್ನು ಇಲಿಯ ಹಲ್ಲಿಗೆ ಸಿಕ್ಕದಂತೆ ತಾಮ್ರದ ಕೊಳವೆಯೊಳಗೆ ಹಾಯಿಸಿದ್ದಾರೆ. ಮೂರು ದಿನ ಬರಿದಾಗಿ ನಡೆಸಿ, ಜ್ವರ ನೋಡುವ ಉಷ್ಣಮಾಪಕವನ್ನು ಒಳಗಿಟ್ಟು ಅಂಕಿಗಳನ್ನು ಹೋಲಿಸಿ ನೋಡಿದೆವು. ಸೆನ್ಸರು ಡಿಗ್ರಿಯ ಹತ್ತನೆಯ ಮೂರು ಪಾಲು ಕಡಮೆ ತೋರಿಸುತ್ತಿದ್ದುದನ್ನು ಕ್ರಮವಿಧಿಯಲ್ಲಿ ತಿದ್ದಿದರು. ಯಜಮಾನಿತಿಯು ಈ ಸಲ ನೆರೆಮನೆಯ ಮೊಟ್ಟೆಗಳನ್ನು ಸೇರಿಸದೆ ತಮ್ಮ ೨೪ ಮೊಟ್ಟೆಗಳನ್ನು ಮಾತ್ರ ಇಟ್ಟಿದ್ದಾರೆ. ನಾನು ಹೆಚ್ಚು ಇಡಿರೆಂದು ಹೇಳಲಿಲ್ಲ.